ಟ್ರಿಗರ್ ಎಳೆದಾಗ ಒಳಗೆ ಏನಾಗುತ್ತದೆ?

ಪಿಸ್ತೂಲು ಬದಲಾಯಿಸಿದವರನ್ನು ಕೆಡವುವುದು ಸಾಮಾನ್ಯವಾಗಿ ಹಳೆಯ ಪಿಸ್ತೂಲಿನ ರೂಢಿ. ನಮ್ಮ ಪೊಲೀಸರ ಕೈಯಲ್ಲಿ ಇಶಾಪುರ ರೈಫಲ್ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲು ಇದೆ, ಗ್ಲಾಕ್ ಕೂಡ ಇದೆ. 1ಎಗೆ ಮೂಲವಾದ ಬ್ರೌನಿಂಗ್ ಹೈ-ಪವರ್‌ನಲ್ಲಿ (1935) ಮ್ಯಾಗಜಿನ್ (ತೋಟಾ ತುಂಬಿದ ಪೆಟ್ಟಿಗೆ) ಹೊರತೆಗೆದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಗ್ಲಾಕ್ 17ರಲ್ಲಿ ಅಂಥ ತಡೆ ಇಲ್ಲ. ಮ್ಯಾಗಜಿನ್ ಕೈಯಲ್ಲಿದ್ದರೂ ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯ ಗೂಡಿನಲ್ಲಿ, ಉಳಿದ ಒಂದು ತೋಟಾ ಹಾರುತ್ತದೆ.

ಹೈ-ಪವರ್, ಕೋಲ್ಟ್ 1911 ಸಿಂಗಲ್ ಆ್ಯಕ್ಷನ್ ಪಿಸ್ತೂಲುಗಳು. ತೋಟಾ ಸಿಡಿಸಲು ಬಡಿಯುವ ಸುತ್ತಿಗೆ, ಅಂದರೆ ಹ್ಯಾಮರ್, ಮೊದಲೇ ಹಿಂದಕ್ಕೆ ಎಳೆದಿರಬೇಕು. ಟ್ರಿಗರ್ ಅದನ್ನು ಬಿಡುತ್ತದೆ, ಅಷ್ಟೇ. ಹಾಗಾಗಿ ಎಳೆತ ಚಿಕ್ಕದು, ಹಗುರ. ತೋಟಾ ತುಂಬಿ ಹ್ಯಾಮರ್ ಎತ್ತಿಟ್ಟು ಒಯ್ಯುವವರಿಗೆ ಹೆಬ್ಬೆರಳಿನ ಸೇಫ್ಟಿಯೇ ಆಧಾರ. ತುಂಬಿದ ಪಿಸ್ತೂಲಿನ ಹ್ಯಾಮರನ್ನು ಹೆಬ್ಬೆರಳಿನಲ್ಲಿ ಹಿಡಿದು, ಟ್ರಿಗರ್ ಒತ್ತಿ ಮೆಲ್ಲಗೆ ಇಳಿಸುವ ಚಾಳಿ ಕೆಲವರಿಗಿದೆ. ಬೆವರಿದ ಬೆರಳು ಜಾರಿದರೆ ಗುಂಡು ಹಾರಿತು. ನನ್ನ ಪ್ರಕಾರ ಈ ಪಿಸ್ತೂಲುಗಳಲ್ಲಿ ಹ್ಯಾಮರ್ ಇಳಿಸಲೇಬೇಕಿದ್ದರೆ ಮೊದಲು ಚೇಂಬರ್ ಖಾಲಿ ಮಾಡಬೇಕು. ಬೇರೆ ದಾರಿ ಹುಡುಕುವುದೇ ಬೇಡ.

ಬೆರೆಟಾ 92, ಸಿಗ್ ಪಿ226 ಮಾದರಿಗಳಲ್ಲಿ ಮೊದಲ ಎಳೆತವೇ ಹ್ಯಾಮರನ್ನು ಎತ್ತಿ ಬಿಡುತ್ತದೆ. ಅದು ಉದ್ದ, ಸುಮಾರು 5 ಕಿಲೋ. ಗುಂಡು ಹಾರಿದೊಡನೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹ್ಯಾಮರನ್ನು ಎತ್ತಿಡುವುದರಿಂದ ಎರಡನೆಯ ಎಳೆತಕ್ಕೆ ಅದರ ಅರ್ಧದಷ್ಟೂ ಬಲ ಬೇಡ. ಮೊದಲ ಗುಂಡಿಗೆ ಬೆರಳು ಹಾಕಿದ ಬಲವನ್ನೇ ಎರಡನೆಯದಕ್ಕೂ ಹಾಕಿದರೆ ಗುರಿ ಹಿಡಿಯುವ ಮೊದಲೇ ಗುಂಡು ಹೊರಟಿರುತ್ತದೆ. ಗುಂಡು ಹಾರಿಸಿ ಮುಗಿದ ಮೇಲೆ ಬೆರಳನ್ನು ಟ್ರಿಗರಿನಿಂದ ತೆಗೆದು, ಹ್ಯಾಮರನ್ನು ಗುಂಡು ಹಾರದಂತೆ ಇಳಿಸುವ ಡಿಕಾಕಿಂಗ್ ಲಿವರ್ ಒತ್ತಿ, ಆಮೇಲೆ ಹೋಲ್ಸ್ಟರಿಗೆ (ಸೊಂಟದ ಚೀಲಕ್ಕೆ) ಇಡಬೇಕು. ಇದನ್ನು ಮರೆತರೆ 2 ಕಿಲೋ ಚಿಲ್ಲರೆಯ ಟ್ರಿಗರ್ ಸೊಂಟದಲ್ಲಿ, ಅದೂ ಬೆರೆಟಾ ಆದರೆ ಸೇಫ್ಟಿ ಮೇಲೆತ್ತಿದ, ಅಂದರೆ ತಡೆ ತೆಗೆದ ಸ್ಥಿತಿಯಲ್ಲಿ ಉಳಿಯುತ್ತದೆ.

ಗ್ಲಾಕ್‌ನಲ್ಲಿ ಹ್ಯಾಮರೇ ಇಲ್ಲ. ಸ್ಲೈಡ್ ಎಳೆದಾಗ ಸ್ಟ್ರೈಕರ್ (ತೋಟಾಗೆ ಬಡಿಯುವ ಸ್ಪ್ರಿಂಗ್ ಕಡ್ಡಿ) ಅರ್ಧ ಸಜ್ಜಾಗುತ್ತದೆ, ಮಿಕ್ಕ ಕೆಲಸ ಸುಮಾರು 2.5 ಕಿಲೋದ ಟ್ರಿಗರಿನದು. ಟ್ರಿಗರ್ ಮೇಲಿನ ಪುಟ್ಟ ಲಿವರ್ ಪಿಸ್ತೂಲು ಕೆಳಗೆ ಬಿದ್ದಾಗ ಟ್ರಿಗರ್ ತಾನಾಗಿ ಹಿಂದೆ ಸರಿಯದಂತೆ ತಡೆಯುತ್ತದೆ. ಆದರೆ ಅಂಗಿಯ ತುದಿಯೋ ಜಾಕೆಟ್ಟಿನ ದಾರವೋ ಒತ್ತಿದರೆ ಲಿವರಿಗೆ ಅದು ಬೆರಳೇ. ಆದ್ದರಿಂದ ಹೋಲ್ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಒಳಗಿಡುವಾಗ ತಡೆ ಸಿಕ್ಕರೆ ನೂಕದೆ ಹೊರತೆಗೆದು ನೋಡಬೇಕು. ಹ್ಯಾಮರ್ ಇಳಿಸಿದ ಬೆರೆಟಾ, ಸಿಗ್‌ನಂಥ ಪಿಸ್ತೂಲಾದರೆ ಹ್ಯಾಮರ್ ಮೇಲೆ ಹೆಬ್ಬೆರಳಿಟ್ಟು ಒಳಗಿಡಬಹುದು, ಏನಾದರೂ ಸಿಕ್ಕಿಕೊಂಡರೆ ಹ್ಯಾಮರ್ ಮೇಲೇಳುವುದು ಬೆರಳಿಗೆ ತಿಳಿಯುತ್ತದೆ.

ಖಾಲಿ ಮಾಡುವ ಕ್ರಮ ಎಲ್ಲಕ್ಕೂ ಒಂದೇ. ಪಿಸ್ತೂಲಿನ ಬಾಯಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ತಿರುಗುಮುರುಗಾದರೆ ಎಳೆದ ಸ್ಲೈಡ್ ಒಂದು ತೋಟಾ ಹೊರಹಾಕಿ, ಮ್ಯಾಗಜಿನ್‌ನಿಂದ ಇನ್ನೊಂದನ್ನು ಒಳಗೆ ತಳ್ಳಿಬಿಡುತ್ತದೆ. ಹೊರಬಿದ್ದ ತೋಟಾ ಕಂಡು ‘ಖಾಲಿಯಾಯಿತು’ ಎಂದುಕೊಂಡವರಿಗೆ ಅಪಾಯ ಕಾದಿರುವುದು ಇಲ್ಲೇ. ಸ್ಲೈಡನ್ನು ಹಿಂದೆ ಲಾಕ್ ಮಾಡಿ ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿ ನೋಡಿ.

ಗ್ಲಾಕ್ ಬಿಚ್ಚುವವರಂತೂ ಇದನ್ನು ಎರಡು ಸಲ ಮಾಡಬೇಕು, ಏಕೆಂದರೆ ಸ್ಲೈಡ್ ಕಳಚುವ ಮುನ್ನ ಅದರ ಟ್ರಿಗರನ್ನು ಒಮ್ಮೆ ಎಳೆಯಲೇಬೇಕು.