ಮೈ ಬೆಚ್ಚಗಾದರೆ ಸಾಲದು, ಪೈಪೂ ಬೆಚ್ಚಗಿರಬೇಕು

ಅಮೆರಿಕದ ಅರಿಜೋನಾ ಅಂದ ಕೂಡಲೇ ನೆನಪಾಗುವುದು ಮರಳು, ಕಳ್ಳಿಗಿಡ, ಸುಡು ಬಿಸಿಲು. ಅಲ್ಲಿನ ಫೀನಿಕ್ಸ್‌ಗೆ ಜನವರಿಯಲ್ಲಿ ಹೋದರೂ ರಾತ್ರಿ 7-8 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಒಂದು ಸ್ವೆಟರ್ ಹಾಕಿಕೊಂಡರೆ ಆಯಿತು. ಅಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 230 ಕಿ.ಮೀ. ಹೋದರೆ ಫ್ಲ್ಯಾಗ್‌ಸ್ಟಾಫ್ ಸಿಗುತ್ತದೆ. ರಾಜ್ಯ ಅದೇ, ಆದರೆ ಫೀನಿಕ್ಸ್ ಸಮುದ್ರಮಟ್ಟದಿಂದ 330 ಮೀಟರ್ ಎತ್ತರದಲ್ಲಿದ್ದರೆ ಇದು 2,100 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿ ಇಲ್ಲಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿಳಿಯುವುದು ಮಾಮೂಲು.

ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೊರಟ ಮೋಟರ್‌ಹೋಮ್‌ಗಳು ಈ ದಾರಿಯಲ್ಲಿ ಏರುತ್ತವೆ. ಡಿಸೆಂಬರ್ ರಜೆಯಲ್ಲಿ ಅಂಥ ಗಾಡಿ ಬಾಡಿಗೆಗೆ ಹಿಡಿದ ಕನ್ನಡದ ಸಂಸಾರಗಳೂ ಅಲ್ಲಿ ಕಾಣಸಿಗುತ್ತವೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿ. ಒಳಗಿನ ಥರ್ಮೋಸ್ಟಾಟ್‌ನಲ್ಲಿ ಸಾಮಾನ್ಯವಾಗಿ ಬಿಸಿಗೆ ಎರಡು ಆಯ್ಕೆ ಇರುತ್ತದೆ: ಕರೆಂಟಿನಲ್ಲಿ ಓಡುವ ಹೀಟ್ ಪಂಪ್, ಗ್ಯಾಸ್ ಉರಿಸಿ ಬಿಸಿಗಾಳಿ ಬೀಸುವ ಫರ್ನೇಸ್. ಫೀನಿಕ್ಸ್‌ನಲ್ಲಿ ಯಾವುದನ್ನು ಒತ್ತಿದರೂ ನಡೆಯುತ್ತದೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಹಾಗಲ್ಲ.

ಹೀಟ್ ಪಂಪ್ ಅಂದರೆ ಛಾವಣಿ ಮೇಲೆ ಕೂತಿರುವ ಏಸಿಯೇ. ಮನೆಯ ಫ್ರಿಜ್ಜಿನ ಹಿಂಬದಿ ಮುಟ್ಟಿದರೆ ಬೆಚ್ಚಗಿರುತ್ತದೆ, ಅಲ್ವಾ? ಒಳಗಿನ ಶಾಖವನ್ನು ಎತ್ತಿ ಹಿಂದಕ್ಕೆ ಹಾಕುತ್ತಿರುವುದರಿಂದ ಹಾಗೆ. ಮೋಟರ್‌ಹೋಮ್‌ನ ಏಸಿ ಬೇಸಿಗೆಯಲ್ಲಿ ಮಾಡುವುದೂ ಇದನ್ನೇ. ಒಳಗಿರುವ ಒಂದು ವಾಲ್ವ್ ತಿರುಗಿದರೆ ಸಾಗಣೆಯ ದಿಕ್ಕು ಬದಲಾಗುತ್ತದೆ, ಹೊರಗಿನ ಶಾಖ ಒಳಗೆ ಬರುತ್ತದೆ. ಹೀಗೆ ಯಂತ್ರದಿಂದ ಶಾಖ ಸಾಗಿಸಿ ಮನೆ ಬೆಚ್ಚಗಿಡಬಹುದು ಎಂದು 1852ರಲ್ಲೇ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ, ಹೇಳಿದ್ದ.

ಹೊರಗೆ ಅಷ್ಟು ಚಳಿ ಇರುವಾಗ ಶಾಖ ಎಲ್ಲಿಂದ ಬಂತು? ಸೊನ್ನೆ ಡಿಗ್ರಿ ಎನ್ನುವುದು ನೀರು ಗಡ್ಡೆಕಟ್ಟುವ ಗುರುತು ಅಷ್ಟೇ. ಗಾಳಿಯಲ್ಲಿ ಶಾಖ ಆಗಲೂ ಬೇಕಾದಷ್ಟಿರುತ್ತದೆ. ಅದನ್ನು ಎಳೆದುಕೊಳ್ಳಲು ಗಾಳಿಗಿಂತ ತಣ್ಣಗಿರುವ ಏನಾದರೂ ಬೇಕು. ಇಂಥ ಯಂತ್ರಗಳಲ್ಲಿ ಬಳಸುವ ಆರ್-410ಎ ಎಂಬ ದ್ರವ ಸಾಮಾನ್ಯ ಒತ್ತಡದಲ್ಲಿ ಮೈನಸ್ 51 ಡಿಗ್ರಿಯಲ್ಲೇ ಕುದಿಯುತ್ತದೆ. ಹೊರಗಿನ ಕಾಯಿಲ್‌ನಲ್ಲಿ, ಅಂದರೆ ಮಡಚಿಟ್ಟ ಕೊಳವೆಯಲ್ಲಿ, ಅದು ಕುದಿದು ಗಾಳಿಯ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿ ಮಾಡಿ ಒಳಗಿನ ಕಾಯಿಲ್‌ಗೆ ತಳ್ಳುತ್ತದೆ.

ಲಾಭ ಇರುವುದು ಲೆಕ್ಕದಲ್ಲಿ. 1,500 ವಾಟ್‌ನ ರೂಮ್ ಹೀಟರ್ 1,500 ವಾಟ್ ಶಾಖ ಕೊಡುತ್ತದೆ, ಅದರ ಮೇಲೆ ಒಂದು ಕಾಸೂ ಇಲ್ಲ. ಹೆಚ್ಚುಕಡಿಮೆ ಅಷ್ಟೇ ಕರೆಂಟ್ ತಿನ್ನುವ ಹೀಟ್ ಪಂಪ್, ಹೊರಗೆ ಹಿತವಾದ ಚಳಿ ಇದ್ದಾಗ, ಅದರ ಎರಡು-ಎರಡೂವರೆ ಪಟ್ಟು ಶಾಖ ತಂದು ಹಾಕುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಬಹಳ ಸಲ ಕರೆಂಟಿನ ದುಡ್ಡು ಜಾಗದ ಬಾಡಿಗೆಯಲ್ಲೇ ಸೇರಿರುತ್ತದೆ. ಹಾಗಾಗಿ ಗ್ಯಾಸ್ ಉರಿಸುವ ಬದಲು ಹೀಟ್ ಪಂಪ್ ಹಾಕೋಣ ಎಂದು ಯಾರಿಗಾದರೂ ಅನಿಸುತ್ತದೆ.

ತೊಂದರೆ ಶುರುವಾಗುವುದು ಹೊರಗಿನ ಉಷ್ಣಾಂಶ 4-5 ಡಿಗ್ರಿಗೆ ಇಳಿದಾಗ. ಗಾಳಿ ಇನ್ನೂ ಸೊನ್ನೆಗಿಂತ ಮೇಲಿದೆ, ಆದರೆ ಅದರಿಂದ ಶಾಖ ಹೀರಬೇಕಾದ ಕಾಯಿಲ್ ಸೊನ್ನೆಗಿಂತ ಕೆಳಗಿದೆ. ಗಾಳಿಯ ತೇವ ಕಾಯಿಲ್‌ನ ತೆಳು ರೆಕ್ಕೆಗಳ ಮೇಲೆ ಐಸ್ ಕಟ್ಟುತ್ತದೆ. ರೆಕ್ಕೆಗಳ ಸಂದಿ ಮುಚ್ಚುತ್ತದೆ, ಗಾಳಿ ಹಾಯುವುದು ಕಡಿಮೆಯಾಗುತ್ತದೆ, ಹೀರುವ ಶಾಖ ಇಳಿಯುತ್ತದೆ, ಕಾಯಿಲ್ ಇನ್ನೂ ತಣ್ಣಗಾಗುತ್ತದೆ, ಐಸ್ ಇನ್ನೂ ಜಾಸ್ತಿಯಾಗುತ್ತದೆ. ಒಣ ಚಳಿಗಿಂತ ಮಳೆ ಹನಿಯುವ 3 ಡಿಗ್ರಿಯ ಸಂಜೆಯೇ ಈ ಯಂತ್ರಕ್ಕೆ ಹೆಚ್ಚು ಕಷ್ಟ.

ಹಾಗಾದರೆ ಹೀಟ್ ಪಂಪ್ ಚಳಿದೇಶಕ್ಕೆ ಆಗಿಬರುವುದಿಲ್ಲವೇ? ಹಾಗೇನಿಲ್ಲ. ಕೆನಡಾದ ಗಡಿಗೆ ತಾಗಿಕೊಂಡ ಮೇನ್ ರಾಜ್ಯ ಒಂದು ಲಕ್ಷ ಹೀಟ್ ಪಂಪ್ ಕೂರಿಸುವ ಗುರಿ ಇಟ್ಟುಕೊಂಡು, ಗಡುವಿಗೆ ಎರಡು ವರ್ಷ ಮೊದಲೇ, 2023ರಲ್ಲಿ ಮುಟ್ಟಿತು. ಚಳಿದೇಶಕ್ಕೆಂದೇ ಮಾಡಿದ ಮನೆಯ ಹೀಟ್ ಪಂಪ್ ಐಸ್ ಕಟ್ಟಿದಾಗ ಕೆಲ ನಿಮಿಷ ದಿಕ್ಕು ತಿರುಗಿಸಿ ತನ್ನದೇ ಕಾಯಿಲ್ ಬಿಸಿ ಮಾಡಿಕೊಳ್ಳುತ್ತದೆ, ಐಸ್ ಕರಗಿಸಿ ಮತ್ತೆ ಕೆಲಸಕ್ಕೆ ಬರುತ್ತದೆ. ಚಳಿಗೆ ತಕ್ಕಂತೆ ಕಂಪ್ರೆಸರ್ ವೇಗವನ್ನೂ ಬದಲಿಸುತ್ತದೆ. ಗಾಡಿಯ ಛಾವಣಿಯ ಪೆಟ್ಟಿಗೆಗೆ ಆ ಅನುಕೂಲ ಕಡಿಮೆ. ಅದು ಎತ್ತರವಿರಬಾರದು, ಭಾರವಿರಬಾರದು, ಮುಖ್ಯವಾಗಿ ಬೇಸಿಗೆಗೆಂದು ಮಾಡಿದ್ದು. ಬಹಳಷ್ಟು ಮಾದರಿಗಳಲ್ಲಿ ಐಸ್ ಕರಗಿಸುವ ವ್ಯವಸ್ಥೆಯೇ ಇಲ್ಲ. ಚಳಿ ಮಿತಿ ಮೀರಿದರೆ ಸುಮ್ನೆ ನಿಂತುಬಿಡುತ್ತವೆ, ಕೆಲಸ ಫರ್ನೇಸ್ ಪಾಲಿಗೆ ಬೀಳುತ್ತದೆ.

ಫರ್ನೇಸ್ ಕೆಲಸಕ್ಕಿಳಿಯುವುದನ್ನು ಹತ್ತಿರ ಕೂತು ಕೇಳಬೇಕು. ಮೊದಲು ಫ್ಯಾನ್ ಮಾತ್ರ ತಿರುಗುತ್ತದೆ. ಒಳಗೆ ಉಳಿದಿರಬಹುದಾದ ಗ್ಯಾಸ್ ಹೊರಗೆ ಹೋಗಲಿ ಎಂದು ಕೆಲ ಸೆಕೆಂಡು ಬರೀ ಗಾಳಿ. ಆ ಗಾಳಿಯ ದಾರಿಯಲ್ಲಿ ಉಗುರಿನಷ್ಟು ತೆಳುವಾದ ಒಂದು ತಗಡಿನ ಪಟ್ಟಿ ನಿಂತಿರುತ್ತದೆ. ಸಾಕಷ್ಟು ಜೋರಾಗಿ ಗಾಳಿ ಬೀಸಿದರೆ ಪಟ್ಟಿ ಬಾಗಿ ಸ್ವಿಚ್ ಒತ್ತುತ್ತದೆ. ಆಮೇಲೆ ಗ್ಯಾಸ್ ವಾಲ್ವ್ ತೆರೆಯುವ ಟಕ್ ಸದ್ದು, ಕಿಡಿಯ ಚಟಚಟ, ಕೊನೆಗೆ ಬುಸ್ ಎಂದು ಜ್ವಾಲೆ. ಬೆಂಕಿ ನಿಜವಾಗಿ ಹೊತ್ತಿತೇ ಎಂದು ತಿಳಿಯಲು ಯಂತ್ರ ಜ್ವಾಲೆಯ ಮೂಲಕ ಚೂರು ವಿದ್ಯುತ್ ಹರಿಸಿ ನೋಡುತ್ತದೆ, ಏಕೆಂದರೆ ಉರಿಯುವ ಜ್ವಾಲೆಯಲ್ಲಿ ವಿದ್ಯುತ್ ಹರಿಯುತ್ತದೆ. ಹರಿಯದಿದ್ದರೆ ಗ್ಯಾಸ್ ಬಂದ್.

ಗ್ಯಾಸ್ ಇದ್ದರೂ ಫರ್ನೇಸ್ ಕೈಕೊಡುವುದು ಸಾಮಾನ್ಯವಾಗಿ ಆ ತಗಡಿನ ಪಟ್ಟಿಯ ಹತ್ತಿರ. ಫ್ಯಾನ್ ಓಡುವುದು ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲಿ. ಹೊರಗೆ ಕರೆಂಟ್ ಸಿಗದ ಬಯಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಫ್ಯಾನ್ ಸುಮಾರು 8 ಆಂಪಿಯರ್ ಎಳೆಯುತ್ತದೆ. 12 ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 48 ಆಂಪಿಯರ್-ಗಂಟೆ ಖರ್ಚು. 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು ಎನ್ನುವುದು ಪದ್ಧತಿ, ಚಳಿಗೆ ಅದರ ಶಕ್ತಿ ಇನ್ನೂ ಕುಗ್ಗುತ್ತದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಫ್ಯಾನ್ ನಿಧಾನವಾಗುತ್ತದೆ, ಪಟ್ಟಿ ಬಾಗುವುದಿಲ್ಲ, ಬೆಂಕಿ ಹೊತ್ತುವುದಿಲ್ಲ. ಫ್ಯಾನ್ ಬೀಸುತ್ತಲೇ ಇರುತ್ತದೆ, ತಣ್ಣನೆ ಗಾಳಿ. ಟ್ಯಾಂಕಿನಲ್ಲಿ ಗ್ಯಾಸ್ ತುಂಬಿದೆ, ಮನೆಯಲ್ಲಿ ನಡುಕ. ಹೊಸ ಲಿಥಿಯಂ ಬ್ಯಾಟರಿಗಳು ಇದಕ್ಕೆ ವಾಸಿ, ಆದರೆ ಸೊನ್ನೆಗಿಂತ ಕೆಳಗೆ ಅವನ್ನು ಚಾರ್ಜ್ ಮಾಡಿದರೆ ಹಾಳಾಗುತ್ತವೆ.

ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ತುಂಬುವುದು ಪ್ರೊಪೇನ್. ನಮ್ಮ ಅಡುಗೆ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಕರ್ನಾಟಕದ ಹವಾಮಾನಕ್ಕೆ ಅದು ಸರಿ. ಬ್ಯೂಟೇನ್ ಕುದಿಯುವುದು ಮೈನಸ್ ಅರ್ಧ ಡಿಗ್ರಿಯಲ್ಲಿ, ಹಾಗಾಗಿ ಫ್ಲ್ಯಾಗ್‌ಸ್ಟಾಫ್‌ನ ರಾತ್ರಿ ಅದು ಆವಿಯಾಗದೆ ದ್ರವವಾಗಿಯೇ ಕೂರುತ್ತದೆ. ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ, ಹಾಗಾಗಿ ಇಲ್ಲಿನ ಚಳಿಗೆ ಅದು ತೊಂದರೆ ಕೊಡುವುದಿಲ್ಲ. ಇನ್ನು ಖರ್ಚು ನೋಡಿ: ಗಂಟೆಗೆ 30,000 ಬಿಟಿಯು (ಅಮೆರಿಕದಲ್ಲಿ ಶಾಖ ಅಳೆಯುವ ಮಾನ) ಉರಿಸುವ ಫರ್ನೇಸ್, ನಮ್ಮ 14.2 ಕೆ.ಜಿ. ಸಿಲಿಂಡರಿನಷ್ಟು ಪ್ರೊಪೇನನ್ನು ನಿಲ್ಲದೆ ಉರಿಸಿದರೆ ಒಂದು ದಿನದೊಳಗೆ, ಸುಮಾರು 22 ಗಂಟೆಯಲ್ಲಿ ಮುಗಿಸುತ್ತದೆ. ಮನೆಯಲ್ಲಿ ತಿಂಗಳು ಬರುವ ಗ್ಯಾಸ್ ಅದು!

ಇಷ್ಟು ದುಬಾರಿಯಾದರೆ ಫರ್ನೇಸ್ ಬೇಡ, ಎರಡು ರೂಮ್ ಹೀಟರ್ ಇಟ್ಟುಕೊಂಡು ರಾತ್ರಿ ಕಳೆಯೋಣ ಎಂದು ಅನೇಕರು ಲೆಕ್ಕ ಹಾಕುತ್ತಾರೆ. ನನಗೆ ಈ ಲೆಕ್ಕ ಅಪೂರ್ಣ ಅನಿಸುತ್ತದೆ. ಅದರಲ್ಲಿ ಜನರಿದ್ದಾರೆ, ನೀರಿಲ್ಲ. ಕುಡಿಯುವ ನೀರಿನ ಟ್ಯಾಂಕ್, ಬಚ್ಚಲ ನೀರಿನ ಟ್ಯಾಂಕ್, ಶೌಚದ ಟ್ಯಾಂಕ್, ಅವುಗಳ ಪೈಪು, ವಾಲ್ವ್ ಎಲ್ಲ ಇರುವುದು ನೆಲದ ಕೆಳಗೆ. ಚಳಿಗಾಲಕ್ಕೆಂದು ಕಟ್ಟಿದ ಗಾಡಿಗಳಲ್ಲಿ ಫರ್ನೇಸ್‌ನ ಒಂದು ಕೊಳವೆ ಅಲ್ಲಿಗೂ ಬಿಸಿಗಾಳಿ ಕಳಿಸುತ್ತದೆ. ಹೀಟ್ ಪಂಪ್ ಛಾವಣಿಯಿಂದ ಬೀಸುತ್ತದೆ, ಬಿಸಿಗಾಳಿ ಹಗುರವಾದ್ದರಿಂದ ತಲೆ ಬೆಚ್ಚಗಾಗುತ್ತದೆ, ಪಾದ ತಣ್ಣಗಿರುತ್ತದೆ, ಪಾದದ ಕೆಳಗಿನ ಟ್ಯಾಂಕಿಗಂತೂ ಏನೂ ತಲುಪುವುದಿಲ್ಲ. ರೂಮ್ ಹೀಟರ್ ಇಟ್ಟರೆ ಇನ್ನೂ ಫಜೀತಿ. ಥರ್ಮೋಸ್ಟಾಟ್‌ಗೆ ಕೋಣೆ ಬೆಚ್ಚಗಿದೆ ಎಂದು ಕಂಡು ಫರ್ನೇಸ್ ಹೊತ್ತಿಸುವುದೇ ಇಲ್ಲ. ನೀರು ಗಡ್ಡೆಯಾದರೆ ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗುವ ಪ್ಲಾಸ್ಟಿಕ್ ಪೈಪ್ ಒಂದಿಷ್ಟು ತಡೆದುಕೊಂಡೀತು, ಅದರ ಜೋಡಣೆಗಳು ಮತ್ತು ಪಂಪ್ ಬಿರುಕು ಬಿಡುತ್ತವೆ. ಅದು ಗೊತ್ತಾಗುವುದು ಐಸ್ ಕರಗಿ ನೆಲ ಒದ್ದೆಯಾದ ಮೇಲೆ.

ಗ್ಯಾಸ್ ಒಲೆ ಹಚ್ಚಿಟ್ಟು ಚಳಿ ಕಾಯಿಸುವ ಉಪಾಯವಂತೂ ಬೇಡವೇ ಬೇಡ. ಫರ್ನೇಸ್‌ನ ಬೆಂಕಿಗೆ ಗಾಳಿ ಬರುವುದೂ ಹೊಗೆ ಹೋಗುವುದೂ ಗಾಡಿಯ ಹೊರಗೋಡೆಯ ಕಿಂಡಿಯಿಂದ, ಒಳಗಿನ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಒಲೆಯದು ಎಲ್ಲ ಒಳಗೇ. ಆಮ್ಲಜನಕ ಸಾಲದೆ ಹೋದರೆ ಕಾರ್ಬನ್ ಮಾನಾಕ್ಸೈಡ್, ವಾಸನೆಯಿಲ್ಲದ ವಿಷ. ಸರಿಯಾಗಿ ಉರಿದರೂ ಒಂದು ಕೆ.ಜಿ. ಪ್ರೊಪೇನ್‌ನಿಂದ ಒಂದೂವರೆ ಕೆ.ಜಿ.ಗೂ ಜಾಸ್ತಿ ನೀರು ಹುಟ್ಟುತ್ತದೆ. ಅದು ಕಿಟಕಿ ಗಾಜಿನ ಮೇಲೆ, ಹಾಸಿಗೆ ಅಡಿಯಲ್ಲಿ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ.

ಹಾಗಾಗಿ ಫ್ಲ್ಯಾಗ್‌ಸ್ಟಾಫ್‌ನಂಥ ಊರಲ್ಲಿ ಎರಡನ್ನೂ ಹಂಚಿ ಬಳಸುವುದು ಜಾಣತನ. ಮಧ್ಯಾಹ್ನ ಬಿಸಿಲಿಗೆ ಉಷ್ಣಾಂಶ ಐದಾರು ಡಿಗ್ರಿ ದಾಟಿದಾಗ ಹೀಟ್ ಪಂಪ್, ಹೊತ್ತು ಮುಳುಗಿದ ಮೇಲೆ ಫರ್ನೇಸ್. ಕ್ಯಾಂಪ್‌ಗ್ರೌಂಡ್‌ನ ಸಂಪರ್ಕ 30 ಆಂಪಿಯರ್‌ನದ್ದಾದರೆ, ಅಲ್ಲಿನ 120 ವೋಲ್ಟ್‌ನಲ್ಲಿ, ಸಿಗುವುದು ಒಟ್ಟು 3,600 ವಾಟ್. ಹೀಟ್ ಪಂಪ್ ಓಡುವಾಗ ಮೈಕ್ರೋವೇವ್ ಮತ್ತು ನೀರು ಕಾಯಿಸುವ ಕೆಟಲ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಇನ್ನೊಂದು ವಿಷಯ: ಕೆಲವು ಥರ್ಮೋಸ್ಟಾಟ್‌ಗಳು ನೀವು ಕೇಳಿದ ಬಿಸಿಗೂ ಕೋಣೆಯ ಬಿಸಿಗೂ ಸುಮಾರು 3 ಡಿಗ್ರಿ ಅಂತರ ಕಂಡರೆ ಹೀಟ್ ಪಂಪ್ ಜೊತೆಗೆ ಫರ್ನೇಸನ್ನೂ ತಾವಾಗಿ ಹೊತ್ತಿಸುತ್ತವೆ. ಹಗಲು ಹೊತ್ತು ಗ್ಯಾಸ್ ಉಳಿಸಬೇಕೆಂದಿದ್ದರೆ ಒಂದೇ ಸಲಕ್ಕೆ ಏರಿಸದೆ ಒಂದೊಂದೇ ಡಿಗ್ರಿ ಏರಿಸುತ್ತಾ ಹೋಗಿ.