ಟಿಎಸ್‌ಎಚ್ ನೋಡುವ ಮುಂಚೆ ತಾರೀಖು ನೋಡಿ

"ನನಗೆ ಥೈರಾಯ್ಡ್ ಜಾಸ್ತಿ ಆಗಿದೆ, 18 ಬಂದಿದೆ." ಹೈಪೋಥೈರಾಯ್ಡ್ ಇರುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ! ನಾನೂ ಮೊದಲ ಎರಡು ತಿಂಗಳು ಹೀಗೇ ಹೇಳಿಕೊಂಡು ಓಡಾಡಿದೆ. ಜಾಸ್ತಿ ಆಗಿರುವುದು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನ್. ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿದೆ, ಹೈಪೋಥೈರಾಯ್ಡ್ ಅಂದರೆ ಅದೇ. ಈ ಗೊಂದಲ ಬಿಡಿಸಿಕೊಂಡರೆ ರಿಪೋರ್ಟ್ ಅರ್ಧ ಅರ್ಥವಾದ ಹಾಗೆ. ಅದಕ್ಕೇ ಟಿಪ್ಪಣಿಯನ್ನು ಇಲ್ಲಿಂದಲೇ ಶುರು ಮಾಡುತ್ತೇನೆ.

ಕೂಗುವವರು ಬೇರೆ, ಕೆಲಸ ಮಾಡುವವರು ಬೇರೆ

ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ತಯಾರಾಗುವುದೇ ಇಲ್ಲ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಎಷ್ಟಿದೆ ಅಂತ ನೋಡುತ್ತಲೇ ಇರುತ್ತದೆ. ಕಡಿಮೆ ಅನ್ನಿಸಿದರೆ "ಏಯ್, ಇನ್ನಷ್ಟು ಮಾಡು" ಅಂತ ಥೈರಾಯ್ಡ್‌ಗೆ ಕೂಗುತ್ತದೆ. ಆ ಕೂಗೇ ಟಿಎಸ್‌ಎಚ್. ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಅದನ್ನು ಕೇಳಿ ಟಿ4 ಮತ್ತು ಸ್ವಲ್ಪ ಟಿ3 ಅನ್ನುವ ಹಾರ್ಮೋನ್ ತಯಾರಿಸುತ್ತದೆ. ಥೈರಾಯ್ಡ್ ಸೋತಿದ್ದರೆ ಕೂಗು ಜೋರಾಗುತ್ತಾ ಹೋಗುತ್ತದೆ. ಮಾತ್ರೆಯಿಂದ ಟಿ4 ಬೇಕಾದಷ್ಟು ಸಿಕ್ಕರೆ ಕೂಗು ತಗ್ಗುತ್ತದೆ. ಮಾತ್ರೆ ಜಾಸ್ತಿಯಾದರೆ ಬಾಯಿ ಮುಚ್ಚಿ ಕೂರುತ್ತದೆ, ಅಂದರೆ ಟಿಎಸ್‌ಎಚ್ ಸೊನ್ನೆಯ ಹತ್ತಿರಕ್ಕೆ ಬರುತ್ತದೆ.

ಈ ಪಿಟ್ಯುಟರಿ ಸ್ವಲ್ಪ ಮುಂಗೋಪಿ. ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4, ವಿವರ ಮುಂದೆ) ಎರಡು ಪಟ್ಟು ಬದಲಾದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಬದಲಾಗಬಹುದು. ಟಿ4 ಇನ್ನೂ ನಾರ್ಮಲ್ ಒಳಗೇ ಇರುವಾಗ ಟಿಎಸ್‌ಎಚ್ ಏರಿಬಿಡುವುದು ಇದರಿಂದಲೇ. ಮೊದಲ ಸುಳಿವು ಅದರಲ್ಲೇ ಸಿಗುವುದರಿಂದ ಡಾಕ್ಟರ್‌ಗಳೂ ಅದನ್ನೇ ಮೊದಲು ನೋಡುತ್ತಾರೆ. ಜೊತೆಗೆ ಇನ್ನೊಂದು ವಿಷಯ. ಟಿಎಸ್‌ಎಚ್ 20 ಇರುವವರಿಗೆ 10 ಇರುವವರಿಗಿಂತ ಎರಡು ಪಟ್ಟು ಕಾಯಿಲೆ ಅಂತ ಲೆಕ್ಕ ಹಾಕಬೇಡಿ. ಈ ಅಳತೆ ಹಾಗೆ ನಡೆಯುವುದಿಲ್ಲ.

ಬಹಳಷ್ಟು ಲ್ಯಾಬ್‌ಗಳಲ್ಲಿ ಟಿಎಸ್‌ಎಚ್‌ನ ನಾರ್ಮಲ್ ಮಿತಿ ಸುಮಾರು 0.4ರಿಂದ 4 ಅಥವಾ 4.5. ಆರೋಗ್ಯವಂತರ ರಕ್ತ ಪರೀಕ್ಷಿಸಿ, ನೂರರಲ್ಲಿ ನಡುವಿನ 95 ಜನರ ಅಂಕಿ ಎಲ್ಲಿಂದ ಎಲ್ಲಿವರೆಗಿದೆ ಅಂತ ನೋಡಿ ಹಾಕಿದ ಗೆರೆ ಅದು. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಜನರಲ್ಲಿ ಐದು ಜನ ಹೊರಗೆ ಬೀಳುವುದು ಲೆಕ್ಕದಲ್ಲೇ ಇದೆ. ವಯಸ್ಸಾದ ಹಾಗೆ ಟಿಎಸ್‌ಎಚ್ ಸ್ವಲ್ಪ ಏರುವುದೂ ಸಹಜ. 4.6ರ ಪಕ್ಕ ಕಂಪ್ಯೂಟರ್ ಹಾಕಿದ ದಪ್ಪ ‘ಎಚ್’ (ಹೈ, ಅಂದರೆ ಜಾಸ್ತಿ) ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಫ್ರೀ ಅಂದರೆ?

ರಕ್ತದಲ್ಲಿರುವ ಟಿ4ನಲ್ಲಿ ಶೇ 99ಕ್ಕಿಂತ ಜಾಸ್ತಿ ಪಾಲು ಪ್ರೋಟೀನ್‌ಗಳಿಗೆ ಅಂಟಿಕೊಂಡೇ ಓಡಾಡುತ್ತದೆ. ಬಿಡಿಯಾಗಿರುವ ಚೂರು ಮಾತ್ರ ಜೀವಕೋಶಗಳ ಒಳಗೆ ಹೋಗಿ ಕೆಲಸ ಮಾಡುತ್ತದೆ. ಆ ಚೂರೇ ಫ್ರೀ ಟಿ4. ಟೋಟಲ್ ಟಿ4 ಎರಡನ್ನೂ ಸೇರಿಸಿ ಅಳೆಯುತ್ತದೆ. ಬಸುರಿಯರಲ್ಲಿ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಪ್ರೋಟೀನ್ ಜಾಸ್ತಿಯಾಗುತ್ತದೆ, ಟೋಟಲ್ ಟಿ4 ಕೂಡ ಏರಿದ ಹಾಗೆ ಕಾಣುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸುವುದಾದರೆ ನನ್ನ ಓಟು ಫ್ರೀ ಟಿ4ಗೆ.

ಟಿ3 ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪ್ಯಾಕೇಜ್‌ನಲ್ಲಿ ಬಂದಿರುತ್ತದೆ, ಇರಲಿ. ಹಾರ್ಮೋನ್ ಕೊರತೆಯಾದಾಗ ದೇಹ ಇರುವ ಟಿ4ನಿಂದಲೇ ಟಿ3 ಮಾಡಿಕೊಂಡು ಹೇಗೋ ಸಂಭಾಳಿಸುತ್ತದೆ. ಟಿ3 ಬೀಳುವುದು ಕೊನೆಗೆ. ಹೈಪೋಥೈರಾಯ್ಡ್ ಲೆಕ್ಕದಲ್ಲಿ ಟಿ3 ನಾರ್ಮಲ್ ಇದೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ.

ಯೂನಿಟ್ ವಿಷಯದಲ್ಲಿ ಒಂದು ಎಚ್ಚರ. ಟಿಎಸ್‌ಎಚ್ ಅನ್ನು ಒಂದು ಲ್ಯಾಬ್ ಲೀಟರಿಗೆ ಮಿಲಿ ಯೂನಿಟ್ ಅಂತ ಬರೆದರೆ ಇನ್ನೊಂದು ಮಿಲಿಲೀಟರಿಗೆ ಮೈಕ್ರೋ ಯೂನಿಟ್ ಅಂತ ಬರೆಯುತ್ತದೆ. ಅಂಕಿ ಎರಡರಲ್ಲೂ ಒಂದೇ. ಫ್ರೀ ಟಿ4 ಹಾಗಲ್ಲ. ಡೆಸಿಲೀಟರಿಗೆ 1.2 ನ್ಯಾನೋಗ್ರಾಂ ಅಂದರೂ ಲೀಟರಿಗೆ 15.4 ಪಿಕೋಮೋಲ್ ಅಂದರೂ ಒಂದೇ. 12.87ರಿಂದ ಗುಣಿಸಬೇಕು. ಲ್ಯಾಬ್ ಬದಲಿಸಿ "ಅಯ್ಯೋ, 1.2 ಇದ್ದದ್ದು 15 ಆಗಿದೆ" ಅಂತ ಗಾಬರಿಯಾದವರಲ್ಲಿ ನಾನೂ ಒಂದು.

ನನ್ನ ನೋಟ್‌ಬುಕ್‌ನ ನಾಲ್ಕು ಸಾಲು

ಜನವರಿ 6: ಟಿಎಸ್‌ಎಚ್ 18.2, ಫ್ರೀ ಟಿ4 0.7. ಲೆವೊಥೈರಾಕ್ಸಿನ್ (ಟಿ4 ಮಾತ್ರೆ) 50 ಮೈಕ್ರೋಗ್ರಾಂ ಶುರು.
ಜನವರಿ 27: ಟಿಎಸ್‌ಎಚ್ 11.5, ಫ್ರೀ ಟಿ4 0.9. (ಯಾರೂ ಹೇಳದೆ ನಾನೇ ಹೋಗಿ ಮಾಡಿಸಿದ್ದು.)
ಮಾರ್ಚ್ 3: ಟಿಎಸ್‌ಎಚ್ 6.4, ಫ್ರೀ ಟಿ4 1.1. ಡೋಸ್ 75.
ಏಪ್ರಿಲ್ 28: ಟಿಎಸ್‌ಎಚ್ 2.3, ಫ್ರೀ ಟಿ4 1.3.

ಲ್ಯಾಬ್‌ನ ಫ್ರೀ ಟಿ4 ಮಿತಿ 0.8ರಿಂದ 1.8. ಈಗ ಎರಡನೇ ಸಾಲು ನೋಡಿ. ಮೂರೇ ವಾರ ಆಗಿತ್ತು. 11.5 ನೋಡಿ "ಮಾತ್ರೆ ಕೆಲಸ ಮಾಡ್ತಿಲ್ಲ" ಅಂದುಕೊಂಡೆ. ಡೋಸ್ ಹೆಚ್ಚಿಸಿ ಅಂತ ಕೇಳಿದ್ದಕ್ಕೆ ಡಾಕ್ಟರ್, "ಈ ರಿಪೋರ್ಟ್ ಎತ್ತಿಡಿ, ಮಾರ್ಚ್‌ನಲ್ಲಿ ಬನ್ನಿ" ಅಂದರು, ಅಷ್ಟೇ. ಆಗ ಸಿಟ್ಟು ಬಂದಿತ್ತು. ಫ್ರೀ ಟಿ4 ಆಗಲೇ ಮಿತಿಯೊಳಗೆ ಬಂದಿತ್ತು ಅನ್ನುವುದನ್ನು ನಾನು ನೋಡಿರಲೇ ಇಲ್ಲ. ಹಿಂದುಳಿದಿದ್ದದ್ದು ಟಿಎಸ್‌ಎಚ್ ಮಾತ್ರ. ಮುಂದೆ ಅದೇ 50ರಲ್ಲೇ ಅದು 6.4ಕ್ಕೆ ಇಳಿಯಿತು. ಜನವರಿ ಕೊನೆಗೆ 100 ಮಾಡಿದ್ದರೆ ಡೋಸ್ ಜಾಸ್ತಿಯಾಗುವ ಸಂಭವವೇ ಹೆಚ್ಚಿತ್ತು.

ಯಾಕೆ ಹೀಗೆ? ಟಿ4ನ ಅರ್ಧಾಯುಷ್ಯ ಸುಮಾರು 7 ದಿನ. ಈವತ್ತು ರಕ್ತಕ್ಕೆ ಸೇರಿದ ಟಿ4ನಲ್ಲಿ ಅರ್ಧ ಮುಂದಿನ ವಾರವೂ ಇರುತ್ತದೆ. ದಿನಾ ಒಂದು ಮಾತ್ರೆಯಂತೆ ಸೇರುತ್ತಾ ಕರಗುತ್ತಾ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ ಬೇಕು. ಪಿಟ್ಯುಟರಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಇನ್ನೂ ಸ್ವಲ್ಪ ಸಮಯ. ಅದಕ್ಕೇ ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಟೆಸ್ಟ್. ಅದಕ್ಕಿಂತ ಮುಂಚಿನ ಟಿಎಸ್‌ಎಚ್ ದಾರಿ ನಡುವಿನ ಫೋಟೋ ಇದ್ದ ಹಾಗೆ. ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಅದರಿಂದ ತಿಳಿಯುವುದಿಲ್ಲ. ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ತಾರೀಖನ್ನೇ. ಕಳೆದ ಡೋಸ್ ಬದಲಾವಣೆಯಿಂದ ಎಷ್ಟು ವಾರ ಆಯ್ತು ಅಂತ ಎಣಿಸುತ್ತೇನೆ. ಆಮೇಲೆ ಅಂಕಿ.

ಇದೇ 7 ದಿನದ ಲೆಕ್ಕದಿಂದ ಒಂದು ಸಮಾಧಾನವೂ ಇದೆ. ಒಂದು ದಿನ ಮಾತ್ರೆ ಮರೆತರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಎರಡೂ ಅಂಕಿ ಜೊತೆಗಿಟ್ಟು

ಟಿಎಸ್‌ಎಚ್ ಜಾಸ್ತಿ, ಫ್ರೀ ಟಿ4 ಕಡಿಮೆ: ಇದು ನೇರ ಹೈಪೋಥೈರಾಯ್ಡ್. ಟಿಎಸ್‌ಎಚ್ ಜಾಸ್ತಿ, ಫ್ರೀ ಟಿ4 ನಾರ್ಮಲ್ ಇದ್ದರೆ ಸಬ್‌ಕ್ಲಿನಿಕಲ್ ಅನ್ನುತ್ತಾರೆ. ಇದರಲ್ಲಿ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸುತ್ತಾರೆ, ಯಾಕೆಂದರೆ ಎಷ್ಟೋ ಸಲ ತಾನಾಗಿಯೇ ಇಳಿದಿರುತ್ತದೆ. 10 ದಾಟಿ ಅಲ್ಲೇ ನಿಂತರೆ ಮಾತ್ರೆಯ ಕಡೆಗೆ ಮಾತು ವಾಲುತ್ತದೆ. 10ರ ಒಳಗಾದರೆ ವಯಸ್ಸು, ಲಕ್ಷಣ, ಬಸುರಿನ ಯೋಚನೆ, ಆಂಟಿ ಟಿಪಿಒ (ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳ ಟೆಸ್ಟ್) ಎಲ್ಲ ನೋಡಿ ತೀರ್ಮಾನ.

ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಟಿಎಸ್‌ಎಚ್ ತೀರಾ ಕಡಿಮೆ ಬಂದರೆ ಡೋಸ್ ಜಾಸ್ತಿಯಾಗಿರಬಹುದು. "ಕಡಿಮೆ ಬಂದಷ್ಟೂ ಒಳ್ಳೆಯದು" ಅನ್ನುವವರಿದ್ದಾರೆ. ಖಂಡಿತ ಅಲ್ಲ. 0.1ಕ್ಕಿಂತ ಕೆಳಗೆ ತುಂಬಾ ಕಾಲ ಇದ್ದರೆ, ಅದರಲ್ಲೂ ವಯಸ್ಸಾದವರಲ್ಲಿ, ಹೃದಯದ ಬಡಿತ ತಾಳ ತಪ್ಪುವ ಅಪಾಯ ಇದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. (ಥೈರಾಯ್ಡ್ ಕ್ಯಾನ್ಸರ್ ಆದ ಕೆಲವರಿಗೆ ಬೇಕೆಂದೇ ಕಡಿಮೆ ಇಡುತ್ತಾರೆ, ಅದು ಬೇರೆ ಲೆಕ್ಕ.)

ಅಪರೂಪದ್ದು ಒಂದು ಇದೆ. ಫ್ರೀ ಟಿ4 ಕಡಿಮೆ, ಆದರೆ ಟಿಎಸ್‌ಎಚ್ ನಾರ್ಮಲ್ ಅಥವಾ ಕಡಿಮೆ. ಅಂದರೆ ಕೂಗಬೇಕಾದವರೇ ಕೂಗುತ್ತಿಲ್ಲ, ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಇಂಥವರಲ್ಲಿ ಟಿಎಸ್‌ಎಚ್ ನಂಬುವಂತಿಲ್ಲ, ಡೋಸ್ ಹೊಂದಿಸುವುದು ಫ್ರೀ ಟಿ4 ನೋಡಿಯೇ. ಬರೀ ಟಿಎಸ್‌ಎಚ್ ಮಾಡಿಸಿದರೆ ಇದು ಕೈತಪ್ಪಿಹೋಗುತ್ತದೆ.

ಇನ್ನೊಂದು ವಿಚಿತ್ರ ಜೋಡಿಯನ್ನು ನನ್ನದೇ ರಿಪೋರ್ಟಿನಲ್ಲಿ ನೋಡಿದೆ. ಟಿಎಸ್‌ಎಚ್ 7.8, ಫ್ರೀ ಟಿ4 1.6. ಒಂದು ಕೊರತೆ ಅನ್ನುತ್ತಿದೆ, ಇನ್ನೊಂದು ಧಾರಾಳ ಅನ್ನುತ್ತಿದೆ. ಡಾಕ್ಟರ್ ಅರ್ಧ ನಿಮಿಷ ನೋಡಿ ಕೇಳಿದರು.

"ಮಾತ್ರೆ ನಡುವೆ ಬಿಟ್ರಾ?"

"ಸ್ವಲ್ಪ ದಿನ..."

"ಟೆಸ್ಟ್ ಇದೆ ಅಂತ ನೆನಪಾಗಿ ಮತ್ತೆ ಸರಿಯಾಗಿ ತಗೊಂಡ್ರಿ, ಅಲ್ವಾ?"

ಸಿಕ್ಕಿಬಿದ್ದೆ. ತಿಂಗಳಿಡೀ ವಾರಕ್ಕೆ ಮೂರು ನಾಲ್ಕು ದಿನ ತಪ್ಪಿಸಿದ್ದೆ. ಕೊನೆಯ ವಾರ ಶಿಸ್ತಿನಿಂದ ನುಂಗಿದ್ದೆ. ಫ್ರೀ ಟಿ4 ಈ ವಾರದ ಕಥೆ ಹೇಳುತ್ತದೆ, ಟಿಎಸ್‌ಎಚ್ ಹಿಂದಿನ ತಿಂಗಳಿನ ಕಥೆ ಹೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಹಾಗೆ ಇಲ್ಲಿ ನಡೆಯುವುದಿಲ್ಲ.

ಡೋಸ್ ಅದೇ, ಟಿಎಸ್‌ಎಚ್ ಏರಿದೆ

ಆಗ ಕಾಯಿಲೆ ಜಾಸ್ತಿಯಾಯ್ತು ಅಂದುಕೊಳ್ಳುವ ಮುಂಚೆ ಮಾತ್ರೆ ಮೈಗೆ ಸೇರುತ್ತಿದೆಯಾ ಅಂತ ನೋಡಬೇಕು. ಲೆವೊಥೈರಾಕ್ಸಿನ್ ಬಹಳ ನಾಜೂಕಿನ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು. ಕಾಫಿಯೂ ಆ ಗಂಟೆ ಮುಗಿದ ಮೇಲೆಯೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ ಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲೇ ಅಂಟಿಕೊಂಡು ಹಾಗೇ ಹೊರಗೆ ಹೋಗುತ್ತವೆ. ಆಸಿಡಿಟಿಗೆ ದಿನಾ ತೆಗೆದುಕೊಳ್ಳುವ ಒಮೆಪ್ರಜೋಲ್ ಥರದ ಮಾತ್ರೆಗಳೂ ಹೀರುವಿಕೆ ತಗ್ಗಿಸಬಹುದು. ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ಮಲಗುವಾಗ, ಊಟವಾಗಿ ಕನಿಷ್ಠ 3 ಗಂಟೆ ಬಿಟ್ಟು ತೆಗೆದುಕೊಳ್ಳಬಹುದು. ಕಂಪನಿ ಬದಲಾಯ್ತಾ, ತೂಕ ಏರಿತಾ, ಮಾತ್ರೆ ಬಿಸಿಲಲ್ಲೋ ತೇವದಲ್ಲೋ ಬಿದ್ದಿತ್ತಾ, ಇದನ್ನೂ ಕೇಳಿಕೊಳ್ಳಿ.

ಬಸುರಾದರೆ ಮಾತ್ರ ಕಾಯುವ ಮಾತಿಲ್ಲ. ಮೊದಲ ವಾರಗಳಲ್ಲೇ ಹಾರ್ಮೋನ್ ಬೇಡಿಕೆ ಏರುತ್ತದೆ, ಎಷ್ಟೋ ಜನರಿಗೆ ಡೋಸ್ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಬೇಕಾಗುತ್ತದೆ. ತಿಳಿದ ದಿನವೇ ಡಾಕ್ಟರಿಗೆ ಹೇಳಬೇಕು. ಮೊದಲ ಅರ್ಧದಲ್ಲಿ ಸುಮಾರು 4 ವಾರಕ್ಕೊಮ್ಮೆ ಟೆಸ್ಟ್ ಇರುತ್ತದೆ, ಮಿತಿಯೂ ಬೇರೆ.

ರಕ್ತ ಕೊಡುವ ದಿನ

ಟಿಎಸ್‌ಎಚ್ ದಿನವಿಡೀ ಒಂದೇ ಸಮ ಇರುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ಏರಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಸಂಜೆ ಕೊಟ್ಟು ಹೋಲಿಸಿದರೆ ಸುಮ್ನೆ ತಲೆನೋವು. ಪ್ರತಿ ಸಲ ಒಂದೇ ಹೊತ್ತು, ಆದಷ್ಟು ಒಂದೇ ಲ್ಯಾಬ್. ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲೆ, ಯಾಕೆಂದರೆ ನುಂಗಿದ ಕೆಲವು ಗಂಟೆ ಫ್ರೀ ಟಿ4 ಮೇಲೆದ್ದಿರುತ್ತದೆ. ಇಷ್ಟೆಲ್ಲ ಮಾಡಿದರೂ 2.1 ಮುಂದಿನ ಸಲ 2.9 ಆಗಬಹುದು. ಅದು ಬದಲಾವಣೆ ಅಲ್ಲ, ಸಹಜ ಏರಿಳಿತ.

ಬಯೋಟಿನ್ ಅನ್ನುವ ವಿಟಮಿನ್ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಹೈಪೋಥೈರಾಯ್ಡ್‌ನಿಂದ ಕೂದಲು ಉದುರುತ್ತದೆ. ಉದುರಿತು ಅಂತ ಕೂದಲಿನ ಮಾತ್ರೆ ಶುರು ಮಾಡುತ್ತೇವೆ. ಅದರಲ್ಲಿ ಬಯೋಟಿನ್ ಕೆಲವು ಸಲ 5 ಅಥವಾ 10 ಮಿಲಿಗ್ರಾಂ ಇರುತ್ತದೆ. ಕೆಲವು ಲ್ಯಾಬ್ ವಿಧಾನಗಳು ಬಯೋಟಿನ್ ಬಳಸಿಯೇ ಹಾರ್ಮೋನ್ ಅಳೆಯುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಫ್ರೀ ಟಿ4 ಸುಳ್ಳಾಗಿ ಜಾಸ್ತಿ ಬರುತ್ತದೆ. ನೋಡಿದವರು ಡೋಸ್ ಜಾಸ್ತಿಯಾಗಿದೆ ಅಂತ ಇಳಿಸುತ್ತಾರೆ. ಕೂದಲು ಇನ್ನಷ್ಟು ಉದುರುತ್ತದೆ! ಟೆಸ್ಟ್‌ಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ.

ಜೋರು ಜ್ವರ, ಆಸ್ಪತ್ರೆ ವಾಸದ ಸಮಯದಲ್ಲಿ ತುರ್ತಿಲ್ಲದಿದ್ದರೆ ಟೆಸ್ಟ್ ಬೇಡ. ಕಾಯಿಲೆಯಲ್ಲಿ ಟಿಎಸ್‌ಎಚ್ ಕುಗ್ಗುತ್ತದೆ, ಚೇತರಿಸಿಕೊಳ್ಳುವಾಗ ಕೆಲವು ದಿನ ಏರುತ್ತದೆ. ಎರಡೂ ದಾರಿ ತಪ್ಪಿಸುತ್ತವೆ.

ಆಂಟಿ ಟಿಪಿಒ ಒಂದು ಸಲ ಸಾಕು. ಜಾಸ್ತಿ ಇದ್ದರೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆ ಅಂತ ಅರ್ಥ. 1912ರಲ್ಲಿ ಜಪಾನಿನ ಹಕಾರು ಹಶಿಮೋಟೊ ಮೊದಲು ಬರೆದಿಟ್ಟ ಕಾಯಿಲೆ ಅದು, ಹೆಸರೂ ಅವರದೇ. 600 ಇದ್ದದ್ದು 450 ಆಯ್ತಾ ಅಂತ ವರ್ಷ ವರ್ಷ ನೋಡುವುದರಿಂದ ಡೋಸ್ ಏನೂ ಬದಲಾಗುವುದಿಲ್ಲ.

ಅಂಕಿ ಎಲ್ಲ ಸರಿ, ಸುಸ್ತು ಹೋಗಿಲ್ಲ ಅನ್ನುವವರಿಗೆ: ಹೀಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ನಿದ್ದೆ, ಇವನ್ನೂ ಒಮ್ಮೆ ಡಾಕ್ಟರ್ ಜೊತೆ ನೋಡಿ. ಎಲ್ಲ ಸುಸ್ತೂ ಥೈರಾಯ್ಡ್‌ದೇ ಆಗಬೇಕಿಲ್ಲ.

ಈಗ ನಾನು ರಿಪೋರ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ. ಈಚಿನದರಲ್ಲಿ ಹೀಗಿದೆ: "75, ಹನ್ನೊಂದು ತಿಂಗಳಿಂದ. ರಕ್ತ 7:40ಕ್ಕೆ, ಮಾತ್ರೆ ಆಮೇಲೆ. ತಿಂಗಳಲ್ಲಿ ಎರಡು ದಿನ ತಪ್ಪಿದೆ. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಸರಿಸಿದ್ದೇನೆ. ಕೂದಲಿನ ಮಾತ್ರೆ ಇಲ್ಲ." ಮುಂಬದಿ ತಿರುಗಿಸಿದರೆ ಟಿಎಸ್‌ಎಚ್ 2.7. ಡಾಕ್ಟರ್ ಮೊದಲು ಓದಿದ್ದು ಹಿಂಬದಿಯನ್ನೇ.