ಮೀಟರ್ ಯಾರ ಲೆಕ್ಕ ಹಿಡಿಯುತ್ತದೆ? ನೀರುಗಂಟಿಯಿಂದ ಸ್ಮಾರ್ಟ್ ಮೀಟರ್‌ವರೆಗಿನ ದಾರಿ

ನೀರು ಯಾವಾಗ ಬರುತ್ತದೆ ಎಂಬುದು ಹುಬ್ಬಳ್ಳಿಯಲ್ಲಿ ಒಂದು ಕಾಲಕ್ಕೆ ವಾಲ್ವ್‌ಮನ್‌ಗೆ ಮಾತ್ರ ಗೊತ್ತಿದ್ದ ಸಂಗತಿ. ಉದ್ದನೆಯ ಕಬ್ಬಿಣದ ಚಾವಿ ಹಿಡಿದು ಬಂದು, ರಸ್ತೆಯಂಚಿನ ಗುಂಡಿಯ ಮುಚ್ಚಳ ಸರಿಸಿ ಅವನು ವಾಲ್ವ್ ತಿರುವಿದರೆ ಆ ಓಣಿಗೆ ನೀರು. ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ದಾಟಿಯೂ ಬರುತ್ತಿದ್ದ ಆ ನೀರು ಹಗಲಿಗೇ ಬರಬೇಕೆಂದೇನೂ ಇರಲಿಲ್ಲ. ನಡುರಾತ್ರಿ ನಳದಲ್ಲಿ ಗಾಳಿಯ ಸದ್ದು ಕೇಳಿ ಎದ್ದು ಕೊಡ, ಬ್ಯಾರಲ್, ಅಡುಗೆಯ ಪಾತ್ರೆಗಳನ್ನೂ ಬಿಡದೆ ತುಂಬಿಕೊಂಡ ಹೆಣ್ಣುಮಕ್ಕಳಿದ್ದರು. ಒಂದು ದಿನದ ಕೂಲಿ ಬಿಟ್ಟು ನಳದ ಮುಂದೆ ಕಾದವರಿದ್ದರು.

2010ರ ನಂತರದ ಒಂದೆರಡು ವರ್ಷಗಳಲ್ಲಿ ಇದೇ ಊರಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ, ವಾಲ್ವ್ ತಿರುವುವ ಮೊದಲು ವಾಲ್ವ್‌ಮನ್‌ಗಳಿಂದ ಒಂದು ಫೋನ್ ಕರೆ ಮಾಡಿಸಿ, ಆ ಓಣಿಯ ಮನೆಗಳಿಗೆ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ಮಾಡಿತು: ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮಗೆ ನೀರು ಬರುತ್ತದೆ. ಅಷ್ಟೇ ಸಂದೇಶ. ನೀರು ಒಂದು ಹನಿಯೂ ಹೆಚ್ಚಲಿಲ್ಲ. ಆದರೂ ಜನರಿಗೆ ಅದು ಬೇಕಾಗಿತ್ತು, ಏಕೆಂದರೆ ಅವರಿಗಿದ್ದ ಕಷ್ಟದಲ್ಲಿ ನೀರಿನ ಕೊರತೆಯಷ್ಟೇ ದೊಡ್ಡದು ಕಾಯುವ ಕಷ್ಟ.

ನಗರದ ನೀರಿನ ಸಂಸ್ಥೆಗಳು ಹಳೆಯ ಮೀಟರ್ ಕಿತ್ತು ಸ್ಮಾರ್ಟ್ ಮೀಟರ್ ಕೂರಿಸುವ ಮಾತಾಡುವಾಗಲೆಲ್ಲ ನನಗೆ ಆ ಎಸ್ಸೆಮ್ಮೆಸ್ ನೆನಪಾಗುತ್ತದೆ. ಮೀಟರ್ ಎಂದರೆ ಬಳಕೆದಾರನ ಮೇಲೆ ಕಣ್ಣಿಡುವ ಪೆಟ್ಟಿಗೆ ಎಂದು ನಾವೂ ನಂಬಿದ್ದೇವೆ, ಅಧಿಕಾರಿಗಳೂ ನಂಬಿದ್ದಾರೆ. ನಮ್ಮ ಊರುಗಳ ಪೈಪುಗಳಲ್ಲಿ ನೀರು ಹರಿಯುವ ರೀತಿಯನ್ನು ನೋಡಿದರೆ, ಆ ಪೆಟ್ಟಿಗೆ ಮೊದಲು ದಾಖಲಿಸುವುದು ಬಳಕೆದಾರನನ್ನಲ್ಲ, ನೀರು ಬಿಡುವವರನ್ನು. ಇದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೀರನ್ನು ಅಳೆದು ಹಂಚುವುದು ನಮಗೆ ಹೊಸದಲ್ಲ. ಕೆರೆಯ ತೂಬು ಎತ್ತುವ ನೀರುಗಂಟಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದ. ಅವನ ಅಳತೆ ಲೀಟರಿನದಲ್ಲ, ಹೊತ್ತಿನದು. ತಪ್ಪಿದರೆ ಕೇಳಲು ಊರಿತ್ತು. ತೂಬು ಎತ್ತಿದ್ದು ಎಲ್ಲರ ಕಣ್ಣೆದುರಿಗೇ. ನೀರು ಕೊಳವೆಯೊಳಗೆ ಹೊಕ್ಕ ಮೇಲೆ ಈ ಕಾಣುವಿಕೆ ಹೋಯಿತು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. ಮೂರು ದಶಕ ಕಳೆಯುವಷ್ಟರಲ್ಲಿ ಆ ಕೆರೆ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ, ಹೀಗೆ ಪ್ರತಿ ಸಲವೂ ನಗರ ಇನ್ನಷ್ಟು ದೂರದ ನೀರಿಗೆ ಕೈಚಾಚಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಅದು. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದೇ ದೊಡ್ಡ ಪಾಲು.

ಇಷ್ಟು ದುಬಾರಿ ನೀರಿಗೆ ಲೆಕ್ಕ ಬೇಡವೇ? ಬೇಕು. 1964ರಲ್ಲಿ ಹುಟ್ಟಿದ ಬೆಂಗಳೂರು ಜಲಮಂಡಳಿ ತನ್ನ ಹೆಚ್ಚುಕಡಿಮೆ ಎಲ್ಲ ಸಂಪರ್ಕಗಳಿಗೂ ಮೀಟರ್ ಹಾಕಿದೆ. ಭಾರತದ ಬಹುಪಾಲು ನಗರಗಳಲ್ಲಿ ಇಂದಿಗೂ ತಿಂಗಳಿಗಿಷ್ಟು ಎಂಬ ನಿಗದಿತ ದರವೇ ಇರುವಾಗ ಇದು ಸಣ್ಣ ಸಾಧನೆಯಲ್ಲ. 2014ರಲ್ಲಿ ನಿಗದಿಯಾದ ದರದಂತೆ ಮನೆಬಳಕೆಗೆ ತಿಂಗಳ ಮೊದಲ 8,000 ಲೀಟರ್‌ಗೆ ಸಾವಿರ ಲೀಟರಿಗೆ 7 ರೂಪಾಯಿ, 50,000 ಲೀಟರ್ ದಾಟಿದ ಮೇಲೆ 45 ರೂಪಾಯಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಉಳಿದು 2025ರ ಏಪ್ರಿಲ್‌ನಲ್ಲಿ ಏರಿತು. ಹೆಚ್ಚು ಬಳಸಿದವರು ಹೆಚ್ಚಿನ ದರ ಕೊಡಬೇಕೆಂಬ ಈ ನ್ಯಾಯ ಮೀಟರ್ ಇಲ್ಲದೆ ನಿಲ್ಲುವುದಿಲ್ಲ.

ಆದರೆ ಮನೆಬಾಗಿಲಿಗೆ ಮೀಟರ್ ಹಾಕಿದ ಮಾತ್ರಕ್ಕೆ ದಾರಿಯಲ್ಲಿ ಕಳೆದುಹೋದ ನೀರು ಪತ್ತೆಯಾಗುವುದಿಲ್ಲ. ಪಂಪ್ ಮಾಡಿದ ನೀರಿಗೂ ಬಿಲ್ ಆದ ನೀರಿಗೂ ಇರುವ ಅಂತರವನ್ನು ಮಂಡಳಿಯವರು ‘ಲೆಕ್ಕಕ್ಕೆ ಸಿಗದ ನೀರು’ ಎನ್ನುತ್ತಾರೆ. ಒಡೆದ ಕೊಳವೆಯ ಸೋರಿಕೆ, ಕದ್ದ ಸಂಪರ್ಕ, ನಿಂತುಹೋದ ಮೀಟರ್ ಎಲ್ಲ ಅದರೊಳಗೆ ಬರುತ್ತವೆ. ಬೆಂಗಳೂರಿನಲ್ಲಿ ಇದು ಒಮ್ಮೆ ಅರ್ಧಕ್ಕೆ ಹತ್ತಿರವಿತ್ತು. ಬಡಾವಣೆಗಳನ್ನು ಸಣ್ಣ ಸಣ್ಣ ವಲಯಗಳಾಗಿ ಕತ್ತರಿಸಿ, ಪ್ರತಿ ವಲಯದ ಬಾಯಿಗೊಂದು ದೊಡ್ಡ ಮೀಟರ್ ಇಟ್ಟು, ಒಳಗೆ ಹೋದದ್ದನ್ನೂ ಮನೆಗಳಿಗೆ ಮುಟ್ಟಿದ್ದನ್ನೂ ತಾಳೆ ನೋಡುವ ಕೆಲಸ ನಡೆದ ಮೇಲೆ ಇಳಿದಿದೆ. ಐದನೇ ಹಂತಕ್ಕೆ ಮೊದಲು ನಗರಕ್ಕೆ ಬರುತ್ತಿದ್ದದ್ದು ದಿನಕ್ಕೆ 1,450 ದಶಲಕ್ಷ ಲೀಟರ್. ಅದರ ಕಾಲು ಭಾಗ ಹೋಯಿತೆಂದರೂ 360 ದಶಲಕ್ಷ ಲೀಟರ್ ಆಯಿತು. ಕಾವೇರಿಯ ಮೊದಲೆರಡು ಹಂತಗಳು ಕೂಡಿ ತಂದದ್ದು 270. ಎರಡು ದೊಡ್ಡ ಯೋಜನೆಗಳಿಗಿಂತ ಹೆಚ್ಚಿನ ನೀರು ನಮ್ಮ ರಸ್ತೆಗಳ ಕೆಳಗೇ ಇದೆ ಎಂಬುದನ್ನು ನಾವು ಇನ್ನೂ ಸಾಕಷ್ಟು ಗಟ್ಟಿಯಾಗಿ ಹೇಳಿಲ್ಲ.

ಈಗ ಮೀಟರಿನೊಳಗೆ ನೋಡೋಣ. ಹಳೆಯ ಮೀಟರಿನಲ್ಲಿ ನೀರು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ತಿರುಗಾಟ ಹಲ್ಲುಗಾಲಿಗಳ ಮೂಲಕ ಗಾಜಿನ ಕೆಳಗಿನ ಅಂಕಿಗಳಿಗೆ ತಲುಪುತ್ತದೆ. ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದು ಅದನ್ನು ಓದುತ್ತಾರೆ. ಗೇಟಿಗೆ ಬೀಗವಿದ್ದರೆ, ಗಾಜು ಮಂಜಾಗಿದ್ದರೆ, ಗುಂಡಿಯಲ್ಲಿ ಮಳೆನೀರು ತುಂಬಿದ್ದರೆ ಸರಾಸರಿ ಬಿಲ್. ಚಕ್ರದ ಮೀಟರಿಗೆ ಇನ್ನೊಂದು ದೌರ್ಬಲ್ಯವಿದೆ. ದಿನಗಟ್ಟಲೆ ಖಾಲಿಯಿದ್ದ ಕೊಳವೆಗೆ ನೀರು ಬಿಟ್ಟಾಗ ಮುಂದೆ ನುಗ್ಗುವುದು ಗಾಳಿ. ಆ ಗಾಳಿಗೂ ಚಕ್ರ ತಿರುಗುತ್ತದೆ, ಜನ ಗಾಳಿಗೂ ದುಡ್ಡು ತೆರುತ್ತಾರೆ. ಕೆಸರು, ಮರಳು ಬಂದು ಚಕ್ರ ಸವೆದರೆ ನಿಧಾನ ಹರಿಯುವ ನೀರು ಲೆಕ್ಕಕ್ಕೇ ಬರುವುದಿಲ್ಲ. ಆಗ ನಷ್ಟ ಸಂಸ್ಥೆಗೆ.

ಸ್ಮಾರ್ಟ್ ಮೀಟರ್ ಎಂದು ಮಾರುವ ಎಲ್ಲವೂ ಒಂದೇ ಜಾತಿಯವಲ್ಲ. ಕೆಲವು ಅದೇ ಚಕ್ರದ ಮೀಟರಿಗೆ ರೇಡಿಯೊ ಕೂರಿಸಿದಂಥವು. ಇನ್ನು ಕೆಲವು ಅಲ್ಟ್ರಾಸಾನಿಕ್: ಹರಿವಿನ ಜೊತೆಗೊಮ್ಮೆ, ಹರಿವಿಗೆ ಎದುರಾಗಿ ಒಮ್ಮೆ ಶಬ್ದದ ಅಲೆ ಕಳಿಸಿ, ಎರಡು ಪಯಣಗಳ ಸಮಯದ ವ್ಯತ್ಯಾಸದಿಂದ ನೀರಿನ ವೇಗ ಕಂಡುಹಿಡಿಯುತ್ತವೆ. ತಿರುಗುವ ಭಾಗವೇ ಇಲ್ಲದ್ದರಿಂದ ಸವೆತವಿಲ್ಲ. ಒಳಗಿನ ಬ್ಯಾಟರಿ ಹತ್ತು ವರ್ಷ ಬಾಳಬೇಕೆಂದು ಲೆಕ್ಕ ಹಾಕಿರುತ್ತಾರೆ. ಗಂಟೆಗೊಮ್ಮೆಯ ಅಳತೆಯನ್ನು ಕಚೇರಿಗೆ ರವಾನಿಸುತ್ತವೆ. ಅಯಸ್ಕಾಂತ ಇಟ್ಟರೆ, ಬಿಚ್ಚಿದರೆ, ನೀರು ಹಿಂದಕ್ಕೆ ಹರಿದರೆ ಎಚ್ಚರಿಕೆ ಕೊಡುತ್ತವೆ. ಆದರೆ ನೆಲದೊಳಗಿನ ಗುಂಡಿ, ಮೇಲೊಂದು ಕಬ್ಬಿಣದ ಮುಚ್ಚಳ ಇದ್ದರೆ ರೇಡಿಯೊ ಸಂಕೇತ ಹೊರಬರುವುದೇ ಕಷ್ಟ. ನಮ್ಮ ಬೀದಿಗಳಲ್ಲಿ ಇದು ಸಣ್ಣ ತೊಡಕಲ್ಲ.

ಈ ಮೀಟರುಗಳ ಬಗ್ಗೆ ಹೆಚ್ಚಾಗಿ ಕೇಳುವ ಹೊಗಳಿಕೆ ಸೋರಿಕೆಯ ಪತ್ತೆಯದು. ಮನೆಯವರೆಲ್ಲ ಮಲಗಿರುವ ರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ ಹರಿವು ಒಮ್ಮೆಯೂ ಸೊನ್ನೆಗೆ ಇಳಿಯದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೊಬೈಲಿಗೆ ಸಂದೇಶ ಬರುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಕೊಳವೆಯಲ್ಲಿ ನೀರಿರುವ, ಕೊಳವೆಯಿಂದ ನೇರ ನಲ್ಲಿಗೆ ನೀರು ಹೋಗುವ ಊರುಗಳಿಗೆ ಈ ಮಾತು ಸರಿ. ನಮ್ಮಲ್ಲಿ? ಬೆಂಗಳೂರಿನ ಮನೆಯಲ್ಲಿ ಮೀಟರ್ ಇರುವುದು ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಮೊದಲು. ನೀರು ಬಿಟ್ಟಾಗ ಸಂಪು ತುಂಬುತ್ತದೆ, ತುಂಬಿದ ಮೇಲೆ ಫ್ಲೋಟ್ ವಾಲ್ವ್ ಮುಚ್ಚುತ್ತದೆ, ಮೀಟರ್ ನಿಲ್ಲುತ್ತದೆ. ಸ್ನಾನ, ಅಡುಗೆ, ಬಟ್ಟೆ ಒಗೆಯುವುದು, ಸೋರುವ ಕಮೋಡ್ ಎಲ್ಲವೂ ಸಂಪಿನ ಆಚೆಗೆ. ಆ ಮೀಟರಿಗೆ ಅವು ಕಾಣುವುದೇ ಇಲ್ಲ. ಮಂಡಳಿ ರಾತ್ರಿ ಎರಡಕ್ಕೆ ನೀರು ಬಿಟ್ಟರೆ ಪ್ರತಿ ಮನೆಯೂ ಸೋರುತ್ತಿರುವಂತೆ ತೋರೀತು.

ಅಂದರೆ ಸಂಪು ಇರುವ ಊರಿನಲ್ಲಿ ಗಂಟೆಗೊಮ್ಮೆಯ ಅಳತೆ ಹೇಳುವುದು ಕುಟುಂಬದ ಚಾಳಿಯನ್ನಲ್ಲ. ಈ ರಸ್ತೆಗೆ ನೀರು ಯಾವ ದಿನ ಬಂತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತು, ರಸ್ತೆಯ ಮೊದಲ ಮನೆಗೆ ಎಷ್ಟು, ಕೊನೆಯ ಮನೆಗೆ ಎಷ್ಟು ಎಂಬುದನ್ನು. ಇಷ್ಟು ವರ್ಷ ವಾಲ್ವ್‌ಮನ್‌ನ ತಲೆಯಲ್ಲಿ ಮಾತ್ರ ಇದ್ದ ಲೆಕ್ಕ ಅದು. ಹುಬ್ಬಳ್ಳಿಯ ನೆಕ್ಸ್ಟ್‌ಡ್ರಾಪ್ ಮುಂದೆ ಬೆಂಗಳೂರಿಗೆ ಬಂದಾಗ ಸಂಶೋಧಕರು ಅದರ ಪರಿಣಾಮವನ್ನು ಅಳೆದು ನೋಡಿದರು. ಫಲ ನಿರೀಕ್ಷಿಸಿದಷ್ಟು ಸಿಗಲಿಲ್ಲ; ವಾಲ್ವ್‌ಮನ್‌ಗಳಿಂದ ಸುದ್ದಿ ಸರಿಯಾಗಿ ಬರದಿದ್ದದ್ದು ಮುಖ್ಯ ಕಾರಣಗಳಲ್ಲೊಂದು. ಅವರನ್ನು ದೂರುವ ಮನಸ್ಸು ನನಗಿಲ್ಲ. ಕಡಿಮೆ ಸಂಬಳಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುವವರಿಗೆ ಪ್ರತಿ ಸಲವೂ ಫೋನ್ ಮಾಡು ಎಂದರೆ ಅದು ಇನ್ನೊಂದು ಹೊರೆ. ಮನುಷ್ಯನ ಮೇಲೆ ಹೊರಿಸಿದ ಆ ಕೆಲಸವನ್ನು ಮೀಟರ್ ತಾನಾಗಿಯೇ ಮಾಡಬಲ್ಲದು. ಮಾಡಿಸಿಕೊಳ್ಳುವ ಮನಸ್ಸು ಬೇಕು.

ಮೀಟರಿಗೂ ಮೊದಲು ಕೊಳವೆಯನ್ನು ಸರಿಮಾಡಿದ ಉದಾಹರಣೆ ನಮ್ಮಲ್ಲೇ ಇದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ, ಊರಿನ ಸುಮಾರು ಹತ್ತನೇ ಒಂದು ಭಾಗಕ್ಕೆ, 2008ರ ಹೊತ್ತಿಗೆ ದಿನವಿಡೀ ನೀರು ಬಂತು. ಹಳೆಯ ಕೊಳವೆ ಕಿತ್ತು ಹೊಸದು ಹಾಕಿದರು, ಪ್ರತಿ ಮನೆಗೂ ಮೀಟರ್ ಕೊಟ್ಟರು. ಖಾಸಗಿ ಕಂಪನಿಯ ಕೈಗೆ ನೀರು ಹೋಯಿತೆಂಬ ವಿರೋಧವೂ ಬಂತು, ಬಿಲ್ಲಿನ ಭಯವೂ ಇತ್ತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹುಬ್ಬಳ್ಳಿ-ಧಾರವಾಡದ ದಿನವಿಡೀ ನೀರಿನ ವಾರ್ಡುಗಳನ್ನು ಉಳಿದವುಗಳೊಂದಿಗೆ ಹೋಲಿಸಿತು. ಮಕ್ಕಳ ಭೇದಿ ಒಟ್ಟಾರೆ ಇಳಿದಿರಲಿಲ್ಲ, ಆದರೆ ಟೈಫಾಯ್ಡ್ ಕಡಿಮೆಯಿತ್ತು. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಕೊಳವೆ ಖಾಲಿಯಾದಾಗ ಸುತ್ತಲ ಕೊಳಕು ಒಳಗೆ ಸೇರುವುದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಮನಮುಟ್ಟುವ ಪುರಾವೆ ಬೇಕೇ? ಇನ್ನೊಂದು ಸಂಗತಿಯೂ ಕಂಡಿತು. ದಿನವಿಡೀ ನೀರು ಬಂದ ಮೇಲೂ ಅನೇಕ ಮನೆಗಳು ಬ್ಯಾರಲ್ ತುಂಬಿಡುವುದನ್ನು ಬಿಡಲಿಲ್ಲ. ನಾಳೆಯೂ ಬರುತ್ತದೆ ಎಂಬ ನಂಬಿಕೆ ಕೊಳವೆ ಹಾಕಿದ ವೇಗದಲ್ಲಿ ಹುಟ್ಟುವುದಿಲ್ಲ. ಊರಿನ ಉಳಿದ ಭಾಗಕ್ಕೆ ಇದನ್ನು ಹಬ್ಬಿಸುವ ಯೋಜನೆಗೆ 2016ರಲ್ಲಿ ವಿಶ್ವಬ್ಯಾಂಕ್ ಒಪ್ಪಿಗೆ ಸಿಕ್ಕರೂ ಕೆಲಸ ಕುಂಟುತ್ತಲೇ ಸಾಗಿತು.

ಮೀಟರ್ ಬಗ್ಗೆ ಜನರಿಗಿರುವ ಭಯ ಸುಮ್ಮನೆ ಹುಟ್ಟಿದ್ದಲ್ಲ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರ ಸೊವೆಟೊದ ಫಿರಿ ಎಂಬ ಬಡವರ ಬಡಾವಣೆಯಲ್ಲಿ ಮೊದಲೇ ಹಣ ಕಟ್ಟಬೇಕಾದ ಮೀಟರ್ ಹಾಕಿತು. ಆಗ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತ, ಅದು ಮುಗಿದು ಕೈಯಲ್ಲಿ ದುಡ್ಡಿಲ್ಲದಿದ್ದರೆ ನೀರು ತಾನಾಗಿಯೇ ನಿಲ್ಲುತ್ತಿತ್ತು. ಜನ ಕೋರ್ಟಿಗೆ ಹೋದರು. 2008ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು; 2009ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ನಗರದ ಪರ ತೀರ್ಪು ಕೊಟ್ಟಿತು. ಇಂದಿನ ಕೆಲವು ಸ್ಮಾರ್ಟ್ ಮೀಟರುಗಳ ಒಳಗೂ ಕಚೇರಿಯಲ್ಲಿ ಕೂತು ಮುಚ್ಚಬಹುದಾದ ವಾಲ್ವ್ ಇರುತ್ತದೆ. ನಮ್ಮ ಊರಿಗೆ ಬರುವ ಮೀಟರಿನಲ್ಲಿ ಅದು ಇದೆಯೇ, ಇದ್ದರೆ ಯಾರ ಅಪ್ಪಣೆಯ ಮೇಲೆ, ಎಷ್ಟು ದಿನದ ನೋಟಿಸ್ ಕೊಟ್ಟು ಮುಚ್ಚುತ್ತಾರೆ ಎಂಬುದನ್ನು ಟೆಂಡರ್ ಕರೆಯುವ ಮೊದಲೇ ಕೇಳಬೇಕು. ಒಡಿಶಾದ ಪುರಿ ಬೇರೆ ದಾರಿ ಹಿಡಿಯಿತು. 2021ರಲ್ಲಿ ನಲ್ಲಿಯಿಂದ ನೇರ ಕುಡಿಯಬಹುದಾದ ನೀರನ್ನು ದಿನವಿಡೀ ಕೊಟ್ಟ ಆ ಊರಿನಲ್ಲಿ ‘ಜಲಸಾಥಿ’ ಎಂಬ ಹೆಸರಿನ ಸ್ವಸಹಾಯ ಗುಂಪುಗಳ ಮಹಿಳೆಯರು ಮೀಟರ್ ಓದುತ್ತಾರೆ, ಬಿಲ್ ವಸೂಲಿ ಮಾಡುತ್ತಾರೆ, ಮನೆಯ ಮುಂದೆಯೇ ನೀರು ಪರೀಕ್ಷಿಸಿ ತೋರಿಸುತ್ತಾರೆ. ಬಿಲ್ ತಂದವಳಿಗೇ ದೂರು ಹೇಳಬಹುದು. ನನಗೆ ಈ ಏರ್ಪಾಡು ಯಾವ ರೇಡಿಯೊ ಮೀಟರಿಗಿಂತಲೂ ಬುದ್ಧಿವಂತಿಕೆಯದು ಎನಿಸುತ್ತದೆ.

ಬೆಂಗಳೂರಿನಲ್ಲಿ ಸ್ಮಾರ್ಟ್ ಮೀಟರ್ ಹೆಚ್ಚು ಹೊಕ್ಕಿರುವುದು ಅಪಾರ್ಟ್‌ಮೆಂಟುಗಳೊಳಗೆ. ಇಡೀ ಕಟ್ಟಡಕ್ಕೆ ಒಂದೇ ಸಂಪರ್ಕ, ಒಂದೇ ಬಿಲ್. ಫ್ಲ್ಯಾಟಿನ ಚದರಡಿ ಲೆಕ್ಕದಲ್ಲಿ ಹಂಚಿಕೆ. ಇಬ್ಬರೇ ಇರುವ ಮನೆಯೂ ಆರು ಜನರ ಮನೆಯೂ ಸಮ. ತಾರಸಿಯ ಟ್ಯಾಂಕಿನಿಂದ ಅಡುಗೆಮನೆಗೊಂದು, ಪ್ರತಿ ಬಚ್ಚಲಿಗೊಂದು ಕೊಳವೆ ಇಳಿಯುವುದರಿಂದ ಒಂದು ಫ್ಲ್ಯಾಟಿಗೆ ಮೂರು ನಾಲ್ಕು ಮೀಟರ್ ಬೇಕಾಗುತ್ತದೆ. ಇವು ಸಂಪು ದಾಟಿದ ಮೇಲಿನ ಮೀಟರುಗಳು, ಆದ್ದರಿಂದ ನಿಜವಾದ ಬಳಕೆಯನ್ನು, ನಿಜವಾದ ಸೋರಿಕೆಯನ್ನು ಹಿಡಿಯುತ್ತವೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಮಂಡಳಿ ಸಾರಿದಾಗ, ಎಷ್ಟೋ ಮಂದಿ ತಾವು ದಿನಕ್ಕೆ ಎಷ್ಟು ನೀರು ಸುರಿಯುತ್ತೇವೆಂದು ಮೊದಲ ಬಾರಿಗೆ ಯೋಚಿಸಿದರು.

ಹಾಗಾಗಿ ಹೊಸ ಮೀಟರ್ ಬಂದಾಗ ನಾನು ಕೇಳುವುದು ಇಷ್ಟು. ಮೊದಲು ವಲಯದ ಬಾಯಿಯ ದೊಡ್ಡ ಮೀಟರ್ ಕೆಲಸ ಮಾಡಲಿ, ಸೋರಿಕೆಯ ಲೆಕ್ಕ ವಾರ್ಡಿನ ಜನಕ್ಕೆ ಗೊತ್ತಾಗಲಿ. ಕೊಳವೆಯ ಗಾಳಿ ಹೊರಹೋಗುವ ವಾಲ್ವ್‌ಗಳನ್ನು ಕೂರಿಸಲಿ. ಮನೆ ಖಾಲಿಯಿದೆಯೇ ಎಂಬುದನ್ನೂ ಹೇಳಬಲ್ಲ ಮನೆಮನೆಯ ಅಂಕಿಗಳು ಆ ಮನೆಯವರ ಒಪ್ಪಿಗೆಯಿಲ್ಲದೆ ಬೇರೆಯವರ ಕೈಗೆ ಹೋಗದಿರಲಿ. ರಸ್ತೆಯ ಒಟ್ಟು ಲೆಕ್ಕ ಮಾತ್ರ ಎಲ್ಲರಿಗೂ ಕಾಣಲಿ. ಬಿಲ್ಲಿನಲ್ಲಿ ಬಳಸಿದ ಲೀಟರಿನ ಪಕ್ಕದಲ್ಲೇ ಇನ್ನೊಂದು ಸಾಲು ಅಚ್ಚಾಗಲಿ: ಈ ತಿಂಗಳು ನಿಮ್ಮ ರಸ್ತೆಗೆ ನೀರು ಬಂದ ದಿನಗಳು ಎಷ್ಟು, ಗಂಟೆಗಳು ಎಷ್ಟು.